ಬೆಡ್‌ಶೀಟುಗಳ ಹಿಂದಿನ ಹೊಂಡ

ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದು ಕಷ್ಟ. ನಮ್ಮ ಬೀದಿಯ ಹೆಂಗಸರೆಲ್ಲ ಜಗಳವಿಲ್ಲದೆ ಒಪ್ಪುವ ಮಾತು ಇದೊಂದೇ. ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಬಿಸಿಲು ಬೇಕೆಂದರೆ ಬೀದಿಯ ಕೊನೆಗೆ ಹೋಗಬೇಕು. ಬೀದಿಯ ಕೊನೆಯಲ್ಲಿ ಹೊಂಡವಿದೆ.

ಅದು ಕೆರೆಯಲ್ಲ, ಬಾವಿಯೂ ಅಲ್ಲ. ಜೋರು ಮಳೆಯ ನೀರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿ, ಆಮೇಲೆ ನಿಧಾನವಾಗಿ ದೊಡ್ಡ ಕಾಲುವೆಗೆ ಬಿಡಲೆಂದು ಚರಂಡಿ ವಿಭಾಗದವರು ತೋಡಿಸಿದ ಹೊಂಡ. ಆರೇಳು ಮನೆ ಹಿಡಿಸುವಷ್ಟು ಅಗಲ, ಒಂದು ಮಹಡಿಯಷ್ಟು ಆಳ, ಸುತ್ತಲೂ ಕಲ್ಲು ಹೊದಿಸಿದ ಕಡಿದಾದ ಇಳಿಜಾರು. ಒಂದು ತುದಿಯಲ್ಲಿ ನೀರು ಬರುವ ಪೈಪು, ಅದರೊಳಗೆ ನಾನು ಬಗ್ಗಿಕೊಂಡು ನಡೆಯಬಹುದು. ಇನ್ನೊಂದು ತುದಿಯಲ್ಲಿ ನೀರು ಹೋಗುವ ಪೈಪು, ಅದರ ಬಾಯಿಗೆ ಕಬ್ಬಿಣದ ಸರಳು. ವರ್ಷದಲ್ಲಿ ಮುನ್ನೂರು ದಿನ ಅದರಲ್ಲಿ ಒಂದು ಹನಿ ನೀರಿರುವುದಿಲ್ಲ. ಹಾಗಾಗಿ ನಮಗೆ ಅದರ ಭಯವಿರಲಿಲ್ಲ.

ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಇತ್ತು, ಯಾಕೆಂದು ಗೊತ್ತಿರಲಿಲ್ಲ ಅಷ್ಟೆ. ನಿನ್ನೆ ಬರಿದಾಗಿದ್ದ ಹೊಂಡದ ತಳದಲ್ಲಿ ಇವತ್ತು ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕುರ್ಚಿ ನೆಟ್ಟಗೆ ಕೂತಿರುತ್ತಿತ್ತು. ನಮ್ಮ ಬೀದಿಯವರದಲ್ಲ. ಇನ್ನೊಂದು ದಿನ ಯಾರದೋ ಮನೆಯ ಫೋಟೊ ಫ್ರೇಮು. ಕಲ್ಲಿನ ಇಳಿಜಾರಿನಲ್ಲಿ ಆಳೆತ್ತರಕ್ಕೆ ಒದ್ದೆ ಮಣ್ಣಿನ ಗೆರೆ. ನಮ್ಮ ಅಂಗಳದಲ್ಲಿ ಧೂಳು ಹಾರುತ್ತಿದ್ದರೂ ಅಲ್ಲಿ ನೀರು ಬಂದು, ನಿಂತು, ಯಾರಿಗೂ ಹೇಳದೆ ಹೋಗಿರುತ್ತಿತ್ತು.

ನಾನು ಟೈಲರ್. ನನ್ನ ಮೆಷಿನ್ನು ಕಿಟಕಿಯ ಪಕ್ಕ ಇದೆ, ಕಿಟಕಿಯ ಎದುರಿಗೆ ಹೊಂಡದ ಬೇಲಿ. ಬೇಲಿಯ ಈಚೆ, ನನ್ನ ಪಕ್ಕದ್ದೇ ಲಾಂಡ್ರಿ ಅಂಗಡಿ. ಅದರ ಯಜಮಾನನನ್ನು ಊರೆಲ್ಲ ಗಂಜಿಯಣ್ಣ ಎನ್ನುತ್ತದೆ. ಅವನು ಗಂಜಿ ಹಾಕಿದ ಶರಟು ಮೊಳೆಯಿಲ್ಲದೆ ನಿಲ್ಲುತ್ತದೆ. ಅವನ ಕುತ್ತಿಗೆಯೂ ಹಾಗೆಯೇ, ಯಾರ ಮಾತಿಗೂ ಬಾಗುವುದಿಲ್ಲ. ಹೆಂಡತಿ ಮೆತ್ತನೆಯ ಜೀವ. ನಾನು ಅವಳನ್ನು ಅತ್ತಿಗೆ ಎಂದು ಕರೆಯುತ್ತೇನೆ. ಅವರಿಗೆ ಮೂರೂವರೆ ವರ್ಷದ ಮಗಳು. ಅವಳ ಫ್ರಾಕಿಗೆ ಮುಕ್ಕಾಲು ಮೀಟರ್ ಬಟ್ಟೆ ಸಾಕು, ಅದಕ್ಕೇ ನನ್ನ ಬಾಯಲ್ಲಿ ಅವಳ ಹೆಸರು ಮುಕ್ಕಾಲು. ಈಗ ಎಲ್ಲರ ಬಾಯಲ್ಲೂ ಅದೇ.

ಗಂಜಿಯಣ್ಣನಿಗೆ ಎರಡು ಲಾಡ್ಜುಗಳ ಬೆಡ್‌ಶೀಟು ಬರುತ್ತದೆ. ದಿನಕ್ಕೆ ನಲವತ್ತು. ಅಷ್ಟನ್ನು ಎಲ್ಲಿ ಹರವುವುದು? ಬೇಲಿ ಇದೆಯಲ್ಲ! ತಲೆಮಟ್ಟದ ಉದ್ದನೆಯ ತಂತಿಬೇಲಿ, ಇಡೀ ದಿನ ಬಿಸಿಲು, ಬಾಡಿಗೆ ಕೇಳುವವರಿಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲ ಬೇಲಿ ಬಿಳಿಯ ಗೋಡೆಯಾಗಿ ನಿಲ್ಲುತ್ತಿತ್ತು. ಅದರ ಹಿಂದೆ ಹೊಂಡವಿದೆಯೆಂದು ಹೊಸಬರಿಗೆ ತಿಳಿಯುತ್ತಲೇ ಇರಲಿಲ್ಲ. ಗಾಳಿಗೆ ಶೀಟುಗಳು ಉಬ್ಬಿ ಇಳಿಯುವಾಗ ಆಚೆ ಕಡೆ ಯಾರೋ ಸಾಲಾಗಿ ನಿಂತು ಮೊಣಕೈಯಿಂದ ತಿವಿಯುತ್ತಿದ್ದಾರೆ ಅನಿಸುತ್ತಿತ್ತು. ನಾನು ಸೂಜಿಗೆ ದಾರ ಪೋಣಿಸುತ್ತ ಆ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ.

ಬೇಲಿಗೊಂದು ಗೇಟು. ಮೊದಲು ಅದಕ್ಕೆ ಸ್ಪ್ರಿಂಗ್ ಇತ್ತು, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಬಟ್ಟೆಯ ಗಂಟು ಹೊತ್ತು ಒಳಗೆ ಹೋದ ಗಂಜಿಯಣ್ಣನ ಹಿಂಭಾಗಕ್ಕೆ ಅದು ದಿನಾ ಒದೆ ಕೊಡುತ್ತಿತ್ತು. ಇಳಿಜಾರಿನ ಬಿಸಿ ಕಲ್ಲಿನ ಮೇಲೂ ಅವನು ಟವೆಲು ಹರವುತ್ತಿದ್ದ ನೋಡಿ. ಒಂದು ದಿನ ಸಿಟ್ಟು ಬಂದು ಆ ಸ್ಪ್ರಿಂಗನ್ನೇ ಬಿಚ್ಚಿ ತಂದು ತನ್ನ ಅಂಗಡಿ ಬಾಗಿಲಿಗೆ ಹಾಕಿಕೊಂಡ. ಅಂದಿನಿಂದ ನೊಣ ಬರಬಾರದ ಅಂಗಡಿಯ ಬಾಗಿಲು ತಾನೇ ಮುಚ್ಚುತ್ತಿತ್ತು, ಮಗು ಹೋಗಬಾರದ ಹೊಂಡದ ಗೇಟು ಹಾರುಹೊಡೆದಿರುತ್ತಿತ್ತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬೇಲಿಯ ಮೇಲ್ತುದಿ ಅತ್ತಿಗೆಗೆ ಎಟುಕುತ್ತಿರಲಿಲ್ಲ. ನನ್ನ ಮೆಷಿನ್ನಿನ ಹಳೆಯ ಸ್ಟೂಲು ಕೊಟ್ಟೆ. ಅದು ಹಗಲಿಡೀ ಬೇಲಿಯ ಬುಡದಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಮುಕ್ಕಾಲು ನನ್ನ ಹೊಸ್ತಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಪುಟ್ಟ ಚಪ್ಪಲಿ, ಎಡಗಾಲಿನದು. ಕೆಸರು ಇನ್ನೂ ಒಣಗಿರಲಿಲ್ಲ.

"ಅತ್ತೆ, ಇದು ಪೈಪು ಕೊಟ್ಟಿದ್ದು."

"ಪೈಪು ಕೊಡುತ್ತೇನೇ?"

"ಹೂಂ. ಮೊನ್ನೆ ಕೆಂಪು ಬಾಲು ಕೊಡ್ತು. ಇವತ್ತು ಚಪ್ಪಲಿ. ಇನ್ನೊಂದು ಆಮೇಲೆ ಕೊಡುತ್ತೆ."

"ನಿಂಗ್ಯಾರು ಹೇಳಿದ್ದು?"

"ಅದು ಉಸಿರಾಡುತ್ತೆ ಅತ್ತೆ. ಉಸಿರಾಡಿದ್ಮೇಲೆ ಕೊಡುತ್ತೆ."

ಅವಳು ನೆಲದ ಮೇಲೆ ಚಪ್ಪಲಿಯಿಟ್ಟು ತನ್ನ ಕಾಲು ತೂರಿಸಿದಳು. ಅಳತೆ ತೆಗೆದು ಮಾಡಿಸಿದಂತೆ ಸರಿಹೋಯಿತು. ಆ ಚಪ್ಪಲಿಯ ಮಗು ಯಾವುದು, ಯಾವ ಬೀದಿಯದು, ಈಗ ಎಲ್ಲಿದೆ? ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ. ಮುಕ್ಕಾಲು ಅತ್ತಳು. ಗಂಜಿಯಣ್ಣ ಅಂಗಡಿಯಿಂದಲೇ ನಕ್ಕ. "ಟೈಲರಮ್ಮ, ಪೈಪು ಉಸಿರಾಡಲಿ, ಗೊರಕೆ ಹೊಡೀಲಿ. ಮಗೂಗೆ ಪುಕ್ಕಟೆ ಆಟದ ಸಾಮಾನು ಸಿಗ್ತಿದೆ, ನಿಮಗ್ಯಾಕೆ ಹೊಟ್ಟೆಯುರಿ?"

ಅದೇ ವಾರ ಚರಂಡಿ ಮೇಡಂ ಬಂದರು. ಚರಂಡಿ ವಿಭಾಗದ ಎಂಜಿನಿಯರು. ಎದುರಿಗೇ ಆ ಹೆಸರಿನಿಂದ ಕರೆದರೂ ಬೇಸರ ಮಾಡಿಕೊಳ್ಳುವುದಿಲ್ಲ. "ನಾನಿಲ್ಲದಿದ್ರೆ ನೀವೆಲ್ಲ ಮೂಗು ಮುಚ್ಕೊಂಡು ಓಡಾಡ್ಬೇಕಿತ್ತು" ಎನ್ನುತ್ತಾರೆ. ಕೈಯಲ್ಲಿ ಅಳತೆಯ ಟೇಪು, ಕಾಲಲ್ಲಿ ಮೊಣಕಾಲುದ್ದದ ಬೂಟು. ಬೇಲಿಯ ಉದ್ದಕ್ಕೂ ನಡೆದು, ಶೀಟುಗಳನ್ನು ನೋಡಿ, ಸ್ಟೂಲು ನೋಡಿ, ತೆರೆದ ಗೇಟು ನೋಡಿ, ಗಂಜಿಯಣ್ಣನ ಅಂಗಡಿಯ ಮುಂದೆ ನಿಂತರು.

"ಈ ಬೇಲಿ ಯಾಕೆ ಹಾಕಿದ್ದು ಅಂತ ಹೇಳಿ ನೋಡೋಣ?"

"ಬಟ್ಟೆ ಒಣಗಿಸೋಕೆ ಮೇಡಂ" ಎಂದು ಗಂಜಿಯಣ್ಣ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ನಕ್ಕ.

ಮೇಡಂ ನಗಲಿಲ್ಲ. "ಗೇಟಿನ ಸ್ಪ್ರಿಂಗ್ ಎಲ್ಲಿ?"

ಆಗಲೇ ಅವನ ಅಂಗಡಿಯ ಬಾಗಿಲು ಕಿರ್ರೆಂದು ತಾನಾಗಿ ಮುಚ್ಚಿಕೊಂಡಿತು. ಮೇಡಂ ಅದನ್ನೇ ನೋಡಿದರು. ಅತ್ತಿಗೆ ತಲೆ ತಗ್ಗಿಸಿದಳು. ಗಂಜಿಯಣ್ಣ ಮಾತ್ರ ಕುತ್ತಿಗೆ ಇನ್ನೂ ನೆಟ್ಟಗೆ ಮಾಡಿದ.

"ಮೇಡಂ, ಒಂದು ಹನಿ ನೀರಿಲ್ಲದ ಗುಂಡಿಗೆ ಇಷ್ಟೆಲ್ಲ ಕಾವಲಾ? ನಾನು ಹತ್ತು ವರ್ಷದಿಂದ ನೋಡ್ತಿದ್ದೀನಿ."

"ನೀರು ತುಂಬಿದ ಹೊಂಡ ಕಂಡ್ರೆ ಮಗು ಹೆದರುತ್ತೆ, ನೀವೂ ಎಚ್ಚರವಾಗಿರ್ತೀರಿ. ಒಣಗಿದ ಹೊಂಡ ಯಾರನ್ನೂ ಹೆದರಿಸಲ್ಲ. ಅದಕ್ಕೇ ಅದಕ್ಕೆ ಕಾವಲು ಜಾಸ್ತಿ ಬೇಕು."

"ಮಳೆ ಬಂದ್ರೆ ನಮಗೆ ಗೊತ್ತಾಗಲ್ವಾ? ನಾವೇನು ಕುರುಡ್ರಾ?"

"ನಿಮ್ಮ ತಲೆ ಮೇಲೆ ಬಂದ್ರೆ ಗೊತ್ತಾಗುತ್ತೆ. ಈ ಪೈಪು ಎಲ್ಲಿಂದ ಬರುತ್ತೆ ಗೊತ್ತಾ? ಗುಡ್ಡದ ಆಚೆಯ ಬಡಾವಣೆಗಳಿಂದ. ಅಲ್ಲಿನ ಮನೆ ಮಾಳಿಗೆ, ರಸ್ತೆ, ಬಸ್ ಸ್ಟ್ಯಾಂಡು, ಎಲ್ಲದರ ಮಳೆನೀರು ಇಲ್ಲಿಗೇ ಬರೋದು. ಅಲ್ಲಿ ಸುರೀತಿರುತ್ತೆ, ಇಲ್ಲಿ ನೀವು ಬಿಸಿಲಲ್ಲಿ ಬಟ್ಟೆ ಹರವ್ತಿರ್ತೀರಿ. ಕಾಲು ಗಂಟೇಲಿ ಹೊಂಡ ತುಂಬಿದ್ದು ನಾನೇ ನೋಡಿದ್ದೀನಿ. ಈ ಹೊಂಡ ಇಲ್ಲಾಂದ್ರೆ ಕೆಳಗಿನ ಬೀದಿಯವರ ಮನೆಗೆಲ್ಲ ನೀರು ನುಗ್ಗುತ್ತೆ. ಹೊಂಡ ಕೆಟ್ಟದ್ದಲ್ಲ. ಅದಕ್ಕೆ ಕಣ್ಣಿಲ್ಲ ಅಷ್ಟೆ. ಬಂದದ್ದು ಪ್ಲಾಸ್ಟಿಕ್ ಕುರ್ಚಿಯೋ ಮಗುವೋ ಅದಕ್ಕೆ ಗೊತ್ತಾಗಲ್ಲ."

ನನಗೆ ಆ ಚಪ್ಪಲಿ ನೆನಪಾಯಿತು. "ಮೇಡಂ, ಮಗು ಪೈಪು ಉಸಿರಾಡುತ್ತೆ ಅಂತಾಳೆ" ಎಂದೆ, ನಗುತ್ತಲೇ. ಅವರು ಗಕ್ಕನೆ ನನ್ನ ಕಡೆ ತಿರುಗಿದರು.

"ಮಗು ಸರಿಯಾಗೇ ಹೇಳಿದ್ದಾಳೆ. ನೀರು ಬರೋಕೆ ಮುಂಚೆ ಪೈಪಿನೊಳಗಿನ ಗಾಳೀನ ತಳ್ಕೊಂಡು ಬರುತ್ತೆ. ಹೂಂ ಅಂತ ಉದ್ದಕ್ಕೆ ಒಂದು ಶಬ್ದ, ತಣ್ಣನೆ ಗಾಳಿ, ಕೆಸರಿನ ವಾಸನೆ. ಅದು ಕೇಳಿಸ್ತು ಅಂದ್ರೆ ನೀರು ಹೊಸ್ತಿಲಿಗೆ ಬಂತು ಅಂತ. ಅಲ್ಲಾ, ಅದನ್ನ ಕೇಳೋಷ್ಟು ಹತ್ರಕ್ಕೆ ಈ ಮಗು ಯಾಕೆ ಹೋಗಿತ್ತು?"

ಮುಕ್ಕಾಲು ಅಮ್ಮನ ಸೆರಗಿನ ಹಿಂದೆ ನಿಂತು ಮೇಡಮ್ಮನ ಬೂಟುಗಳನ್ನು ನೋಡುತ್ತಿದ್ದಳು.

"ನೀವೆಲ್ಲ ಇಲ್ಲೇ ನಿಂತಿರಿ. ನಾನು ಕಾಣಿಸಿದ ತಕ್ಷಣ ಹೇಳಿ" ಎಂದು ಮೇಡಂ ಗೇಟಿನೊಳಗೆ ಹೋದರು. ಬಿಳಿ ಶೀಟುಗಳು ಅವರನ್ನು ನುಂಗಿದವು.

ನಾವು ಕಾದೆವು. ಬೂಟಿನ ಸದ್ದು ಎರಡು ಸಲ ಕೇಳಿ ನಿಂತಿತು. ಗಂಜಿಯಣ್ಣ, "ಆ ಕಡೆಯಿಂದ ಹಾಗೇ ಆಫೀಸಿಗೆ ಹೋದ್ರೇನೋ" ಎಂದ. ನಾನು ನಕ್ಕೆ. ಶೀಟುಗಳು ಉಬ್ಬಿದವು, ಇಳಿದವು. ಒಂದರ ಹಿಂದೆ ಏನೋ ಕಪ್ಪಗೆ ಕಂಡಂತಾಯಿತು, ನೆರಳಿರಬೇಕು ಅಂದುಕೊಂಡೆ. ಹೊತ್ತು ಹೋದಂತೆ ನಮ್ಮ ನಗು ತಾನಾಗಿ ನಿಂತಿತು. ಅತ್ತಿಗೆ ಮಗುವಿನ ಕೈ ಬಿಗಿಯಾಗಿ ಹಿಡಿದುಕೊಂಡಳು. "ಮೇಡಂ?" ಎಂದು ಕರೆದಳು, ಮೆಲ್ಲಗೆ.

"ಇಲ್ಲೇ ಇದ್ದೀನಿ."

ನನ್ನ ಕಿವಿಯ ಪಕ್ಕದಲ್ಲೇ ಬಂತು ದನಿ. ಒಂದೇ ಶೀಟಿನ ಆಚೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ನಾನು ಹೌಹಾರಿ ಹಿಂದಕ್ಕೆ ಜಿಗಿದೆ.

"ಎಷ್ಟು ಹೊತ್ತಾಯ್ತು ನಾನು ಇಲ್ಲಿ ನಿಂತು?"

"ಈಗ ಬಂದ್ರಲ್ಲ ಮೇಡಂ."

"ಇಲ್ಲ. ನಾನು ಆಫೀಸಿಗೆ ಹೋದೆ ಅಂತ ನೀವು ನಗ್ತಿದ್ರಲ್ಲ, ಆಗಿಂದ ಇಲ್ಲೇ ಇದ್ದೀನಿ. ಮೂರು ಸಲ ಕೈ ಬೀಸಿದೆ. ನೀರಲ್ಲಿ ಮುಳುಗೋ ಮಗು ಇಷ್ಟೇ ಸುಮ್ಮನಿರುತ್ತೆ. ಅದು ಕೂಗಿಕೊಳ್ಳುತ್ತೆ, ನಾವು ಓಡಿ ಹೋಗ್ತೀವಿ ಅಂತ ನಂಬ್ಕೊಂಡಿರಬೇಡಿ. ಉಸಿರೆಲ್ಲ ತಲೆ ಮೇಲೆ ಎತ್ತೋದಕ್ಕೇ ಬೇಕಾಗುತ್ತೆ, ಕೂಗೋಕೆ ಉಳಿಯಲ್ಲ."

ಹೊರಗೆ ಬಂದು ಅವರು ಒಂದೊಂದಾಗಿ ಹೇಳಿದರು. ಬೇಲಿಯ ಆಚೆ ಏನಿದೆಯೆಂದು ಮನೆಯಿಂದಲೇ ಕಾಣುತ್ತಿರಬೇಕು, ಆದ್ದರಿಂದ ಅದರ ಮೇಲೆ ಬಟ್ಟೆ ಬೇಡ. ಹತ್ತಲು ಅನುಕೂಲವಾಗುವ ಸ್ಟೂಲು, ಕಲ್ಲು, ಬಕೆಟ್ಟು ಬೇಲಿಯ ಹತ್ತಿರವೂ ಸುಳಿಯಬಾರದು. ಗೇಟು ತಾನೇ ಮುಚ್ಚಬೇಕು, ಅದರ ಚಿಲಕ ಮಗುವಿಗೆ ಎಟುಕದಷ್ಟು ಮೇಲಿರಬೇಕು, ಆದರೆ ದೊಡ್ಡವರು ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. "ಈ ಬೇಲಿಯ ಕಣ್ಣುಗಳೂ ದೊಡ್ಡವು, ಮಗುವಿನ ಕಾಲ್ಬೆರಳು ನಿಲ್ಲುತ್ತೆ. ಅದು ನಮ್ಮ ತಪ್ಪು. ಬದಲಾಯಿಸೋಕೆ ಬರ್ಕೊಂಡಿದ್ದೀನಿ, ಮುಂದಿನ ವಾರ ಜನ ಬರ್ತಾರೆ. ಆದ್ರೆ ಶೀಟು, ಸ್ಟೂಲು ತೆಗೆಯೋಕೆ ಯಾರೂ ಬರಬೇಕಾಗಿಲ್ಲ. ಇವತ್ತೇ ತೆಗೀರಿ."

ಅವರು ಹೋದ ಮೇಲೆ ಗಂಜಿಯಣ್ಣ ಇಕ್ಕಳ ತಂದ. ಗೇಟಿಗೆ ದಪ್ಪ ತಂತಿ ಸುತ್ತಿ, ಎಂಟು ಸುತ್ತು ತಿರುಚಿ ಕೈ ಕೊಡವಿದ. "ತಗೊಳ್ಳಿ, ಇನ್ನು ನೊಣಾನೂ ಹೋಗಲ್ಲ. ಗೇಟೇ ಮುಚ್ಚಿದ ಮೇಲೆ ಶೀಟು ತೆಗೆದು ಎಲ್ಲಿ, ನನ್ನ ತಲೆ ಮೇಲೆ ಒಣಗಿಸ್ಲಾ?" ಮೇಡಂ ಹೇಳಿದ್ದು ನಾಲ್ಕು ಕೆಲಸ, ಇವನು ಮಾಡಿದ್ದು ಒಂದು, ಅದೂ ತಪ್ಪಾಗಿ. ನಾನಾದರೂ ನನ್ನ ಸ್ಟೂಲು ಎತ್ತಿ ತರಬಹುದಿತ್ತು. ಕೈಯಲ್ಲಿ ಮದುವೆ ಮನೆಯ ಬಟ್ಟೆಯಿತ್ತು. ನಾಳೆ ತಂದರಾಯಿತು ಅಂದುಕೊಂಡೆ.

ಆ ನಾಳೆ ಬಂತು, ಹೋಯಿತು. ಅದರ ಮರುದಿನ ಮಧ್ಯಾಹ್ನ ಮೂರು ಗಂಟೆ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಬೀದಿ ಉಂಡು ಮಲಗಿತ್ತು. ನಾನು ಒಂದು ಶರಟಿನ ಕಾಲರ್ ಕೂರಿಸುತ್ತಿದ್ದೆ. ಮೆಷಿನ್ನಿನ ಸದ್ದಿನ ನಡುವೆ ಏನೋ ಕೇಳಿಸಿತು. ಯಾರೋ ತುಂಬ ಹೊತ್ತು ನೀರೊಳಗಿದ್ದು ಮೇಲೆ ಬಂದು ಉದ್ದನೆಯ ಉಸಿರು ಬಿಟ್ಟಂತೆ. ಹಿಂದೆಯೇ ಕೆಸರಿನ ವಾಸನೆ ಕಿಟಕಿಯೊಳಗೆ ಬಂತು.

ನಾನು ಆ ಉಸಿರು ಕೇಳಿದೆ. ಕೇಳಿಯೂ ಕಾಲರ್ ಹೊಲಿದು ಮುಗಿಸಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ದಾರ ಕತ್ತರಿಸಿ ತಲೆಯೆತ್ತಿದಾಗ ಬಿಳಿಯ ಗೋಡೆಯಲ್ಲಿ ಒಂದು ಹಲ್ಲು ಬಿದ್ದಿತ್ತು. ಸಾಲಿನಲ್ಲಿ ಒಂದು ಶೀಟು ಇರಲಿಲ್ಲ. ಸರಿಯಾಗಿ ಸ್ಟೂಲಿನ ಮೇಲುಗಡೆ.

"ಅತ್ತಿಗೇ, ಮುಕ್ಕಾಲು ಎಲ್ಲಿ?" ಎಂದು ಕೂಗುತ್ತ ಹೊರಗೆ ಓಡಿದೆ.

"ಒಳಗೆ ಮಲಗಿದ್ದಾಳೆ" ಎಂದಳು ಅತ್ತಿಗೆ. ಹೇಳಿದವಳೇ ಒಳಗೆ ಹೋಗಿ ನೋಡಿದಳು. ಆಮೇಲೆ ಅವಳು ಕೂಗಿದ್ದು ಮಾತಾಗಿರಲಿಲ್ಲ.

ಶೀಟು ಬಿದ್ದ ಸಂದಿನಲ್ಲಿ ಮೂವರೂ ಬಗ್ಗಿ ನೋಡಿದೆವು. ಹೊಂಡ ಇರಲಿಲ್ಲ. ಬೆಳಿಗ್ಗೆ ಒಂದು ಮಹಡಿ ಆಳವಿದ್ದ ಜಾಗದಲ್ಲಿ ಬೇಲಿಯ ಬುಡಕ್ಕೆ ತಾಗುವಂತೆ ಕಂದು ನೀರು. ಅದು ಅಬ್ಬರಿಸುತ್ತಿರಲಿಲ್ಲ, ನೊರೆಯಿರಲಿಲ್ಲ. ಬಿಸಿಲಲ್ಲಿ ಹೊಳೆಯುತ್ತ, ಸದ್ದಿಲ್ಲದೆ ಮೇಲೇರುತ್ತಿತ್ತು. ಅದರ ನಡುವೆ ನಮ್ಮ ಕಾಣೆಯಾದ ಶೀಟು ತೇಲುತ್ತಿತ್ತು. ನಡುವಿನಲ್ಲಿ ಉಬ್ಬಿತ್ತು. ಪುಟ್ಟದೊಂದು ಬೆನ್ನಿನಷ್ಟು ಉಬ್ಬು. ಅದು ಮೆಲ್ಲಗೆ ತಿರುಗುತ್ತ ಆಚೆ ತುದಿಯ ಪೈಪಿನ ಬಾಯಿಯ ಕಡೆ ಹೋಗುತ್ತಿತ್ತು.

"ನನ್ನ ಕಂದ" ಎಂದ ಗಂಜಿಯಣ್ಣ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಗೇಟಿಗೆ ಓಡಿದ. ಎಂಟು ಸುತ್ತು ತಂತಿ. ಇಕ್ಕಳ ಅಂಗಡಿಯಲ್ಲಿ. ಉಗುರು ಹಾಕಿ ಎಳೆದ, ಬೆರಳಿನಿಂದ ರಕ್ತ ಬಂತು, ಒಂದು ಸುತ್ತೂ ಬಿಚ್ಚಲಿಲ್ಲ. ಮಗು ಒಳಗೆ ಹೋಗದಿರಲೆಂದು ಕಟ್ಟಿದ ತಂತಿ ಈಗ ಅಪ್ಪನನ್ನು ಒಳಗೆ ಬಿಡಲಿಲ್ಲ. ಅತ್ತಿಗೆ ಬೇಲಿಯ ಉದ್ದಕ್ಕೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತ ಮಗಳನ್ನು ಕರೆಯುತ್ತಿದ್ದಳು. ನಾನೂ ಕರೆದೆ. ಅಕ್ಕಪಕ್ಕದವರು ಎದ್ದು ಬಂದು ಅವರೂ ಕರೆದರು. ಯಾರೋ ಅಗ್ನಿಶಾಮಕದವರಿಗೆ ಫೋನು ಮಾಡಿದರು. ಎಲ್ಲರ ಕಣ್ಣೂ ದೂರ ಹೋಗುತ್ತಿದ್ದ ಆ ಬಿಳಿ ಉಬ್ಬಿನ ಮೇಲೆ. ಅದು ಸರಳಿನ ಹತ್ತಿರ ಬಂತು. ಒಂದು ಕ್ಷಣ ನಿಂತಿತು. ಆಮೇಲೆ ಪೈಪು ಅದನ್ನು ಒಳಕ್ಕೆ ಸೆಳೆದು ಸರಳಿಗೆ ಅಂಟಿಸಿತು. ಉಬ್ಬು ಒಡೆದು ಗಾಳಿ ಹೊರಗೆ ಬಂತು. ಬರೀ ಗಾಳಿ. ಶೀಟಿನಡಿ ಯಾರೂ ಇರಲಿಲ್ಲ.

ಹಾಗಾದರೆ ಮಗು ಎಲ್ಲಿ?

ನೀರು ಇನ್ನಷ್ಟು ಕಾಣಲೆಂದು ಪಕ್ಕದ ಶೀಟು ಸರಿಸಲು ಕೈ ಹಾಕಿದೆ. ಬಟ್ಟೆಯ ಕೆಳಗೆ ಬೆರಳು ಸಿಕ್ಕಿತು.

ನನ್ನ ಬೆರಳಲ್ಲ. ತಣ್ಣಗಿದ್ದ ನಾಲ್ಕು ಸಣ್ಣ ಬೆರಳು, ಬೇಲಿಯ ಕಣ್ಣಿನೊಳಗಿಂದ ಈಚೆಗೆ ಬಂದು ತಂತಿಯನ್ನು ಹಿಡಿದಿದ್ದವು.

ಶೀಟು ಕಿತ್ತೆಸೆದೆ. ಮುಕ್ಕಾಲು ಅಲ್ಲಿದ್ದಳು. ಬೇಲಿಯ ಆಚೆ, ಬುಡಕ್ಕಿಂತ ಒಂದು ಗೇಣು ಕೆಳಗಿದ್ದ ಅಂಗೈ ಅಗಲದ ಸಿಮೆಂಟು ಅಂಚಿನ ಮೇಲೆ ನಿಂತು, ಎರಡೂ ಕೈಯಲ್ಲಿ ಬೇಲಿ ಹಿಡಿದು, ಮುಖವನ್ನು ತಂತಿಗೆ ಒತ್ತಿಕೊಂಡಿದ್ದಳು. ನೀರು ಮೊಣಕಾಲಿಗೆ ಬಂದಿತ್ತು. ಅಳುತ್ತಿರಲಿಲ್ಲ. ಕಣ್ಣು ಮಾತ್ರ ಬಿಟ್ಟುಕೊಂಡಿದ್ದಳು. ನಾವು ಇಷ್ಟು ಹೊತ್ತು ಕೂಗುತ್ತ ಅವಳಿಂದ ಒಂದು ಮೊಳ ದೂರದಲ್ಲಿ ಓಡಾಡಿದ್ದೆವು.

ಬೇಲಿಯ ಕಣ್ಣುಗಳಲ್ಲಿ ಎರಡೂ ಕೈಯ ಬೆರಳು ತೂರಿಸಿ ಅವಳ ಫ್ರಾಕಿನ ಹೆಗಲನ್ನು ಮುಷ್ಟಿಯಲ್ಲಿ ಹಿಡಿದೆ. ನಾನು ಹೊಲಿದ ಹೊಲಿಗೆ ಬಿಡಬಾರದು ಎಂದು ಅಷ್ಟು ಬೇಡಿಕೊಂಡಿದ್ದು ಜೀವನದಲ್ಲಿ ಅದೊಂದೇ ಸಲ. "ಅಣ್ಣಾ, ಇಲ್ಲಿ! ಸ್ಟೂಲು ತಗೊಂಡು ಬಾ!" ಎಂದು ಕಿರುಚಿದೆ. ಗಂಜಿಯಣ್ಣ ಸ್ಟೂಲು ಹತ್ತಿ, ಬೇಲಿಯ ಮೇಲೆ ಹೊಟ್ಟೆಯೂರಿ ಬಗ್ಗಿ, ಅವಳ ಎರಡೂ ಕಂಕುಳಿಗೆ ಕೈ ಹಾಕಿದ. ಮಗು ಬೇಲಿ ಬಿಡಲಿಲ್ಲ. ಅತ್ತಿಗೆ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು.

ಅವಳನ್ನು ಎತ್ತಿ ಈಚೆಗೆ ತಂದಾಗ ಸಿಮೆಂಟು ಅಂಚು ನೀರೊಳಗೆ ಕಾಣದಷ್ಟು ಆಳಕ್ಕೆ ಹೋಗಿತ್ತು. ನೀರು ಬರುವ ಪೈಪಿನ ಕಡೆ ಒಂದು ಹಸಿರು ಬಾಲು ತಿರುಗುತ್ತಿತ್ತು, ಮುಕ್ಕಾಲಿಗೆ ಪೈಪು ಆವತ್ತು ಕೊಟ್ಟದ್ದು. ಸಂಜೆಯ ಹೊತ್ತಿಗೆ ಹೊಂಡ ಮತ್ತೆ ಬರಿದಾಯಿತು. ನಮ್ಮ ಬೀದಿಯಲ್ಲಿ ಆ ದಿನ ಒಂದು ಹನಿ ಮಳೆ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದ ಮೇಲೆ ಅತ್ತಿಗೆ, ಯಾರಿಗೂ ಎದುರಾಡದ ಆ ಅತ್ತಿಗೆ, ಸ್ಕ್ರೂಡ್ರೈವರು ತೆಗೆದುಕೊಂಡು ಅಂಗಡಿ ಬಾಗಿಲಿನ ಸ್ಪ್ರಿಂಗ್ ತಾನೇ ಬಿಚ್ಚಿದಳು. ಗಂಡನ ಕೈಯಲ್ಲಿಟ್ಟು, "ಎಲ್ಲಿಂದ ತಂದ್ರೋ ಅಲ್ಲಿ ಹಾಕಿ ಬನ್ನಿ" ಎಂದಳು. ಅವನು ಇಕ್ಕಳವನ್ನೂ ತೆಗೆದುಕೊಂಡು ಹೋದ. ತಂತಿ ಕತ್ತರಿಸಿ, ಸ್ಪ್ರಿಂಗ್ ಹಾಕಿ, ಗೇಟನ್ನು ಹತ್ತು ಸಲ ತೆರೆದು ಬಿಟ್ಟು ನೋಡಿದ. ಹತ್ತು ಸಲವೂ ಅದು ತಾನೇ ಮುಚ್ಚಿತು. ಶೀಟುಗಳಿಗೆ ಈಗ ನಮ್ಮಿಬ್ಬರ ಮಾಳಿಗೆಯ ಮೇಲೆ ಹಗ್ಗ ಕಟ್ಟಿದ್ದೇವೆ. ಗಂಟು ಹೊತ್ತು ಮೆಟ್ಟಿಲು ಹತ್ತುವಾಗ ಗಂಜಿಯಣ್ಣ ಏದುಸಿರು ಬಿಡುತ್ತಾನೆ, ಗೊಣಗುವುದಿಲ್ಲ. ಸ್ಟೂಲನ್ನು ನಾನು ಒಡೆದು ಹಾಕಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಮ್ಮದೂ ಅದೇ ಕಥೆ. ನಮ್ಮ ಪುಣ್ಯ, ಕೋಟೆ ಉಳಿದಿತ್ತು.

ಮುಂದಿನ ವಾರ ಚರಂಡಿ ಮೇಡಂ ಜನ ಕರೆದುಕೊಂಡು ಬಂದು ಬೇಲಿ ಬದಲಾಯಿಸಿದರು. ಕಾಲ್ಬೆರಳು ನಿಲ್ಲದ ಸಣ್ಣ ಕಣ್ಣಿನ, ಇನ್ನಷ್ಟು ಎತ್ತರದ ಬೇಲಿ. ನೀರು ಬರುವ ಪೈಪಿಗೂ ಸರಳು. ಎದುರಿಗೆ ಕೆಂಪು ಅಕ್ಷರದ ಫಲಕ, ಪಕ್ಕದಲ್ಲಿ ನೀರಿಗೆ ಬಿದ್ದವರಿಗೆ ಎಸೆಯಲು ಹಗ್ಗ ಕಟ್ಟಿದ ತೇಲುವ ಬಳೆ. ಗಂಜಿಯಣ್ಣ ಅವರಿಗೆ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತು, "ಮೇಡಂ, ಬೇರೆ ಹೊಂಡಗಳ ಹತ್ರ ಹೇಳೋಕೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ" ಎಂದ. "ನೀವು ಹೇಳಿದ್ರೆ ನನ್ನಂಥವರು ನಗ್ತಾರೆ. ನಾನು ಹೇಳ್ತೀನಿ."

ಈಗ ನಿಮ್ಮ ಹತ್ತಿರ ಒಂದು ಮಾತು, ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ನಿಮ್ಮ ಬೀದಿಯ ಕೊನೆಯಲ್ಲೂ ಇಂಥದೊಂದು ಹೊಂಡ ಇರಬಹುದು. ಒಣಗಿರಬಹುದು, ಹುಲ್ಲು ಬೆಳೆದಿರಬಹುದು. ಇವತ್ತೇ ಹೋಗಿ ನೋಡಿ. ಗೇಟನ್ನು ಪೂರ್ತಿ ತೆರೆದು ಕೈ ಬಿಡಿ. ತಾನೇ ಮುಚ್ಚಿ ಚಿಲಕ ಬೀಳದಿದ್ದರೆ, ಬೇಲಿ ಹರಿದಿದ್ದರೆ, ಬೇಲಿಯೇ ಇಲ್ಲದಿದ್ದರೆ, ನಿಮ್ಮ ಊರಿನ ಚರಂಡಿ ಕಚೇರಿಗೆ ಬರೆದು ಕೊಡಿ. ಎಷ್ಟು ಎತ್ತರದ ಬೇಲಿ ಹಾಕಬೇಕೆಂದು ನಿಯಮವಿದೆ ಎಂದು ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ. ಬೇಲಿಗೆ ಒರಗಿಸಿಟ್ಟದ್ದನ್ನು ಎತ್ತಿ ತನ್ನಿ, ಅದು ನಿಮ್ಮದಲ್ಲದಿದ್ದರೂ ಸರಿ. ಬೇಲಿಗೆ ಬಟ್ಟೆ ಹರವಬೇಡಿ. ಪೈಪಿನ ಉಸಿರು ಕೇಳಿದರೆ ಮಕ್ಕಳನ್ನು ಎಣಿಸಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ, ಹೊರಗೆ ಹೋಗುವ ಪೈಪು ದೊಡ್ಡವರನ್ನೂ ಸೆಳೆಯುತ್ತದೆ. ಹಗ್ಗವನ್ನೋ ಕೋಲನ್ನೋ ಚಾಚಿ, ಸಹಾಯಕ್ಕೆ ಫೋನು ಮಾಡಿ.

ಮಗುವನ್ನು ಹೊಂಡದಿಂದ ಎತ್ತಿ ತಂದ ಆ ಸಂಜೆ ಅತ್ತಿಗೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದಳು, "ಅಷ್ಟು ಕರೆದ್ವಲ್ಲ ಪುಟ್ಟಾ, ಯಾಕೆ ಓ ಅನ್ನಲಿಲ್ಲ?"

ಮುಕ್ಕಾಲು ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಶೀಟಿನ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು ಅಮ್ಮ. ನೀವೆಲ್ಲ ಅಲ್ಲೇ ಇದ್ರಲ್ಲ. ನಿಮಗೂ ನಾನು ಕಾಣ್ತಿದ್ದೀನಿ ಅಂದ್ಕೊಂಡೆ."